ಯೇಊರಿನ ಕಾಡಿನಲ್ಲಿ ಚಂಕ್ರಮಣ

ಠಾಣೆಯ ಪೋಖರಣ್ ರಸ್ತೆಯಲ್ಲಿಯೋ ಘೋಡ್‌ಬಂದರ್ ರಸ್ತೆಯಲ್ಲಿಯೋ ವಾಸವಾಗಿರುವವರಿಗೆ ಪಶ್ಚಿಮ ದಿಕ್ಕಿನ ಬೆಟ್ಟಸಾಲು ಹೊಸದೇನಲ್ಲ. ಬೆಳಗ್ಗೆ ಬಟ್ಟೆ ಒಣಹಾಕುವಾಗ ಬಾಲ್ಕನಿಯಿಂದ ಅದು ಕಾಣಿಸುತ್ತದೆ. ಮಳೆಗಾಲದಲ್ಲಿ ಅದರ ನೆತ್ತಿಯ ಮೇಲೆ ಕಾರ್ಮೋಡ ಕುಳಿತಿತೆಂದರೆ ಇಂದು ಲೋಕಲ್ ತಡವಾಗುವುದು ಖಂಡಿತವೆಂದು ಮನೆಯವರು ಮಾತನಾಡಿಕೊಳ್ಳುತ್ತಾರೆ. ಬೆಟ್ಟದ ಸಂಬಂಧ ಬಹುಮಟ್ಟಿಗೆ ಅಷ್ಟಕ್ಕೇ ಮುಗಿಯುತ್ತದೆ. ಊರಿನ ಗುಡ್ಡವನ್ನೂ ಹಾಡಿಯನ್ನೂ ನೆನೆದು ನಿಟ್ಟುಸಿರು ಬಿಡುವ ಕನ್ನಡಿಗರಲ್ಲಿಯೇ, ಇಪ್ಪತ್ತು ಮೂವತ್ತು ವರ್ಷಗಳಿಂದ ಈ ಬೆಟ್ಟವನ್ನು ದಿನವೂ ನೋಡುತ್ತ ಒಮ್ಮೆಯಾದರೂ ಅದರೊಳಗೆ ಕಾಲಿಡದವರು ಅನೇಕರಿದ್ದಾರೆ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಬಂದು ಕೊಂಕಣ ರೈಲನ್ನು ಹತ್ತುವವರೆಗೆ ಅವರ ಕಣ್ಣು ಹಸುರಿಗಾಗಿ ಹಸಿದೇ ಇರುತ್ತದೆ. ಉಣ್ಣುವ ಎಲೆಯ ಪಕ್ಕದಲ್ಲಿಯೇ ಕುಳಿತು ಉಪವಾಸ ಮಾಡಿದಂತಾಯಿತು ಇದು.

ಯೇಊರು ಎಂಬ ಹೆಸರಿನಲ್ಲಿ ಕನ್ನಡದ ಕಿವಿಗೆ ‘ಊರು’ ಕೇಳಿಸುವುದು ಸಹಜ. ಅದರ ವ್ಯುತ್ಪತ್ತಿ ಏನೇ ಇರಲಿ, ಉಪವನ ಕೆರೆಯನ್ನು ದಾಟಿ ಏರುರಸ್ತೆಯಲ್ಲಿ ಸಾಗಿದರೆ ಅರಣ್ಯ ಇಲಾಖೆಯ ದ್ವಾರ ಎದುರಾಗುತ್ತದೆ; ಅಲ್ಲಿಂದ ಮುಂದೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವ ಮಗ್ಗುಲು. ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿಗೆ ಒಂದು ಕಡೆ ಬೋರಿವಲಿ, ಇನ್ನೊಂದು ಕಡೆ ಮುಲುಂಡ್ ಮತ್ತು ಠಾಣೆ. ಇಷ್ಟು ದೊಡ್ಡ ಮಹಾನಗರದ ನಡುವೆ ಚಿರತೆ ಮರಿಹಾಕುವಷ್ಟು ದಟ್ಟವಾದ ಅರಣ್ಯವೊಂದು ಉಳಿದುಕೊಂಡದ್ದು ಜಗತ್ತಿನಲ್ಲಿಯೇ ಅಪರೂಪದ ಸಂಗತಿ. ಅದಕ್ಕೆ ಒಂದು ಕಾರಣ ನೀರು. 1860ರಲ್ಲಿ ವಿಹಾರ್ ಕೆರೆಯನ್ನೂ 1879ರಲ್ಲಿ ತುಳಸಿ ಕೆರೆಯನ್ನೂ ಮುಂಬಯಿಯ ಬಾಯಾರಿಕೆ ತಣಿಸಲು ಇಲ್ಲಿ ಕಟ್ಟಲಾಯಿತು. ಕೆರೆಗೆ ನೀರಿಳಿಯುವ ಇಳಿಜಾರುಗಳನ್ನು ಬರಿದು ಮಾಡಲಾಗದೆ ಕಾಡು ಉಳಿಯಿತು. ಯೇಊರಿನ ಬದಿಯಲ್ಲಿ ವಾರ್ಲಿ, ಕೋಕಣಾ ಮುಂತಾದ ಆದಿವಾಸಿಗಳ ಪಾಡಾಗಳಿವೆ. ಇತ್ತೀಚೆಗೆ ಬಂಗಲೆಗಳೂ ಹೋಟೆಲುಗಳೂ ಸೇರಿಕೊಂಡು, ಶನಿವಾರ ರಾತ್ರಿಯ ಧ್ವನಿವರ್ಧಕದ ಸದ್ದು ಕಾಡಿನವರೆಗೂ ಹೋಗುತ್ತಿರುವುದು ಹೆಮ್ಮೆಪಡುವ ವಿಷಯವೇನಲ್ಲ.

ಭೂಗೋಳದ ಲೆಕ್ಕದಲ್ಲಿ ಈ ಗುಡ್ಡಗಳು ಸಹ್ಯಾದ್ರಿಯ ಮುಖ್ಯ ಶ್ರೇಣಿಯಿಂದ ಕಡಲ ಕಡೆಗೆ ಸಿಡಿದು ನಿಂತವು. ಆದರೆ ಇಲ್ಲಿನ ವೃಕ್ಷಸಂಪತ್ತು ಘಟ್ಟದ ತಪ್ಪಲಿನದೇ. ಶಿರಸಿ, ದಾಂಡೇಲಿ, ಕಾರ್ಕಳ, ತೀರ್ಥಹಳ್ಳಿಗಳ ಕಡೆಯಿಂದ ಬಂದವರು ಇಲ್ಲಿ ನಾಲ್ಕು ಹೆಜ್ಜೆ ನಡೆದರೆ ಪರಿಚಿತರು ಒಬ್ಬೊಬ್ಬರಾಗಿ ಎದುರಾಗುತ್ತಾರೆ, ಹೆಸರನ್ನು ಮಾತ್ರ ಮರಾಠಿಯಲ್ಲಿ ಹೇಳಿಕೊಳ್ಳುತ್ತಾರೆ. ಸಾಗ ಎಂದರೆ ತೇಗ. ಐನ ಎಂದರೆ ಮೊಸಳೆಯ ಬೆನ್ನಿನಂತೆ ಬಿರುಕು ಬಿಟ್ಟ ತೊಗಟೆಯ ಮತ್ತಿ. ಸಾವರ ಎಂದರೆ ಬೂರುಗ. ಅದರ ಹತ್ತಿಯಿಂದ ತುಂಬಿದ ದಿಂಬಿಗೆ ತಲೆಯಿಟ್ಟು ಮಲಗಿದವರು ಹಳೆಯ ತಲೆಮಾರಿನಲ್ಲಿ ಇನ್ನೂ ಇದ್ದಾರೆ. ಕುಂಭಾ ಎಂದರೆ ಕೌಲು. ಬಹಾವಾ ಎಂದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಂಗಾರದ ಗೊಂಚಲು ಇಳಿಬಿಡುವ ಕಕ್ಕೆ. ಮೋಹ ಎಂದರೆ ಹಿಪ್ಪೆ. ಪಳಸ ಎಂದರೆ ಮುತ್ತುಗ. ಧಾರವಾಡ ಬಿಜಾಪುರಗಳ ಕಡೆಯವರು ಅದರ ಎಲೆಯಲ್ಲಿ ಹಬ್ಬದೂಟ ಉಂಡವರು. ಊರು ಬಿಟ್ಟು ಬಂದೆವೆಂದು ಕೊರಗುವವರ ಊರಿನ ಅರ್ಧ ಭಾಗ ಠಾಣೆಯ ಬೆಟ್ಟದಲ್ಲಿ ನಿಂತೇ ಇದೆ.

ಆರೋಗ್ಯದ ದೃಷ್ಟಿಯಿಂದ ಇಂಥ ಕಾಡಿನಲ್ಲಿ ನಡೆಯುವುದರ ಪ್ರಯೋಜನವೇನು, ನಡೆಯುವ ಬಗೆ ಹೇಗೆ ಎಂಬುದೇ ಇಲ್ಲಿನ ವಿಷಯ.

ನಡಿಗೆಯಲ್ಲಿ ಎರಡು ಬಗೆ

ವೈದ್ಯರು ಮಧುಮೇಹಿಗಳಿಗೂ ರಕ್ತದೊತ್ತಡದವರಿಗೂ ಹೇಳುವ ನಡಿಗೆ ಬೇರೆ. ಅದು ಚುರುಕಾಗಿರಬೇಕು, ಉಸಿರು ಸ್ವಲ್ಪ ಏರಬೇಕು. ವಾರಕ್ಕೆ 150 ನಿಮಿಷವಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದನ್ನು ಕಾಲೊನಿಯ ಒಳರಸ್ತೆಯಲ್ಲಾಗಲಿ ಕೆರೆಯ ದಂಡೆಯಲ್ಲಾಗಲಿ ಮಾಡಬಹುದು. ಅದಕ್ಕೆ ಕಾಡು ಬೇಕಿಲ್ಲ. ಈ ನಡಿಗೆಯನ್ನು ಬಿಟ್ಟು ಕಾಡಿಗೆ ಹೋಗಿ ಎಂದು ಯಾರೂ ಹೇಳಲಾರರು.

ಕಾಡಿನ ನಡಿಗೆ ಇನ್ನೊಂದು ಬಗೆಯದು. ಅದಕ್ಕೆ ಒಪ್ಪುವ ಮಾತು ಹಿಂದಿನವರ ಬಳಿ ಇತ್ತು: ಚಂಕ್ರಮಣ. ಬೌದ್ಧ ಭಿಕ್ಷುಗಳಿಗೆ ಅದು ಧ್ಯಾನದ ಒಂದು ವಿಧಾನ. ಹೆಜ್ಜೆಯ ಮೇಲೆ ಅರಿವನ್ನಿಟ್ಟು ಅತ್ತಿಂದಿತ್ತ ನಿಧಾನವಾಗಿ ನಡೆಯುವುದು. ಆಯುರ್ವೇದದ ಸುಶ್ರುತ ಸಂಹಿತೆಯಲ್ಲಿಯೂ ಇದೇ ಮಾತು ಬರುತ್ತದೆ. ದೇಹಕ್ಕೆ ಅತಿಯಾದ ಪೀಡೆಯಾಗದಂತೆ ಮಾಡುವ ಚಂಕ್ರಮಣವು ಆಯುಸ್ಸು, ಬಲ, ಮೇಧೆ, ಜಠರಾಗ್ನಿಗಳನ್ನು ಹೆಚ್ಚಿಸುವುದಲ್ಲದೆ ಇಂದ್ರಿಯಗಳನ್ನು ಎಚ್ಚರಿಸುತ್ತದೆ ಎಂದು ಅದರ ಚಿಕಿತ್ಸಾಸ್ಥಾನ ಹೇಳುತ್ತದೆ. ಮೊದಲಿನ ನಾಲ್ಕು ಫಲಗಳನ್ನು ಯಾವ ಗ್ರಂಥವಾದರೂ ಹೇಳೀತು. ಇಂದ್ರಿಯಗಳ ಎಚ್ಚರವೆಂಬ ಕೊನೆಯ ಮಾತು ಮಾತ್ರ ಮಹಾನಗರದವರು ತಡೆದು ಯೋಚಿಸಬೇಕಾದದ್ದು. ಏಕೆಂದರೆ ಇಲ್ಲಿನ ಬದುಕು ಇಂದ್ರಿಯಗಳನ್ನು ಮುಚ್ಚಿಕೊಳ್ಳುವುದನ್ನೇ ಕಲಿಸುತ್ತದೆ.

ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವವರನ್ನು ಗಮನಿಸಬೇಕು. ನಾಲ್ಕನೆಯ ಸೀಟಿನ ಅಂಚಿನಲ್ಲಿ ಅರ್ಧ ಕುಳಿತು ಅರ್ಧ ನಿಂತು, ಬೆವರಿನ ವಾಸನೆಗೆ ಮೂಗನ್ನೂ ಗದ್ದಲಕ್ಕೆ ಕಿವಿಯನ್ನೂ ಮುಚ್ಚಿ, ಜೇಬಿನ ಮೇಲೆ ಒಂದು ಕೈ ಇಟ್ಟು, ಘೋಷಣೆಯಲ್ಲಿ ತನಗೆ ಬೇಕಾದ ಒಂದೇ ಒಂದು ಶಬ್ದಕ್ಕಾಗಿ ಕಾಯುತ್ತ ಇರುತ್ತಾರೆ. ಕಚೇರಿಯಲ್ಲಿ ಎಂಟು ಗಂಟೆ ಅಂಕಿಗಳ ಮೇಲೆ ಕಣ್ಣು. ಸಂಜೆ ಮತ್ತೆ ಅದೇ ಗಾಡಿ. ಬೇಡವಾದದ್ದನ್ನೆಲ್ಲ ತಳ್ಳಿ ಬೇಕಾದ ಒಂದನ್ನು ಹಿಡಿದುಕೊಳ್ಳುವ ಈ ಕೆಲಸಕ್ಕೆ ಮಿದುಳು ಬೆಲೆ ತೆರುತ್ತದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲನ್ ದಂಪತಿಗಳು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಬಲವಂತದಿಂದ ನಿಲ್ಲಿಸುವ ಗಮನ ದಣಿಯುತ್ತದೆ. ದಣಿದಾಗ ಸಿಡುಕು, ಮರೆವು, ತಪ್ಪುಗಳು ಹೆಚ್ಚುತ್ತವೆ. ಮೋಡ ಸರಿಯುವುದು, ಎಲೆ ಅಲುಗುವುದು, ನೀರು ಹರಿಯುವುದು ಇವು ಗಮನವನ್ನು ಬಲವಂತವಿಲ್ಲದೆ ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದ ಶಕ್ತಿಗೆ ವಿಶ್ರಾಂತಿ ದೊರೆಯುತ್ತದೆ. ಟೆಲಿವಿಷನ್ ಮುಂದೆ ಒರಗಿ ಕುಳಿತರೆ ಈ ವಿಶ್ರಾಂತಿ ಸಿಗುವುದಿಲ್ಲವೆಂಬುದಕ್ಕೆ ಗ್ರಂಥಾಧಾರ ಬೇಡ, ಭಾನುವಾರ ರಾತ್ರಿಯ ಮುಖಗಳೇ ಸಾಕು.

ವಿಜ್ಞಾನ ಹೇಳುವುದೆಷ್ಟು

1984ರಲ್ಲಿ ರೋಜರ್ ಉಲ್ರಿಕ್ ಎಂಬ ವಿದ್ವಾಂಸರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಅರ್ಧದಷ್ಟು ಮಂದಿಯ ಕಿಟಕಿಯ ಹೊರಗೆ ಮರಗಳು, ಉಳಿದವರ ಕಿಟಕಿಯ ಹೊರಗೆ ಇಟ್ಟಿಗೆಯ ಗೋಡೆ. ಮರ ಕಾಣುತ್ತಿದ್ದವರು ಬೇಗನೆ ಮನೆಗೆ ಹೋದರು, ತೀವ್ರವಾದ ನೋವುನಿವಾರಕಗಳನ್ನು ಕಡಿಮೆ ಬೇಡಿದರು. ಕಿಟಕಿಯಿಂದ ಕಂಡ ಮರಕ್ಕೇ ಇಷ್ಟು ಶಕ್ತಿಯಿದ್ದರೆ ಮರಗಳ ನಡುವೆ ನಿಂತರೆ ಏನಾಗಬಹುದೆಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು.

ಆ ಪ್ರಶ್ನೆಯನ್ನು ಹೆಚ್ಚು ಗಂಭೀರವಾಗಿ ಹಿಡಿದವರು ಜಪಾನೀಯರು. 1982ರಲ್ಲಿ ಆ ದೇಶದ ಅರಣ್ಯ ಇಲಾಖೆಯ ಮುಖ್ಯಸ್ಥ ತೊಮೊಹಿದೆ ಅಕಿಯಾಮ ‘ಶಿನ್‌ರಿನ್ ಯೊಕು’ ಎಂಬ ಶಬ್ದವನ್ನು ಟಂಕಿಸಿದರು. ವನಸ್ನಾನ ಎಂದು ಅದನ್ನು ಕನ್ನಡಿಸಬಹುದು. ನೀರಿಲ್ಲದ ಸ್ನಾನ, ಕಾಡಿನ ಗಾಳಿ, ಬೆಳಕು, ಸದ್ದುಗಳಲ್ಲಿ ಮೈಯನ್ನು ನೆನೆಸುವುದು. ಮುಂದೆ 24 ಕಾಡುಗಳಲ್ಲಿ 280 ಮಂದಿಯನ್ನು ಪರೀಕ್ಷಿಸಿದ ಸಂಶೋಧಕರು 2010ರಲ್ಲಿ ತಮ್ಮ ಫಲಿತಾಂಶಗಳನ್ನು ಕ್ರೋಡೀಕರಿಸಿದರು. ನಗರದಲ್ಲಿ ನಡೆದಾಗಿನದಕ್ಕಿಂತ ಕಾಡಿನಲ್ಲಿ ನಡೆದಾಗ ನಾಡಿಯ ಬಡಿತ, ರಕ್ತದೊತ್ತಡ ಮತ್ತು ಉದ್ವೇಗದ ಹಾರ್ಮೋನಾದ ಕಾರ್ಟಿಸಾಲ್‌ನ ಪ್ರಮಾಣ ಇಳಿದಿದ್ದವು. ಟೋಕಿಯೋದ ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ಡಾ. ಚಿಂಗ್ ಲೀ ಅವರು ಮೂರು ದಿನಗಳ ಅರಣ್ಯವಾಸದ ಬಳಿಕ ರಕ್ತದಲ್ಲಿನ ಒಂದು ಬಗೆಯ ರಕ್ಷಕ ಜೀವಕೋಶಗಳ ಚಟುವಟಿಕೆ ಹೆಚ್ಚಿದುದನ್ನು ಕಂಡರು.

ಇಲ್ಲಿ ಸ್ವಲ್ಪ ತಡೆದು ನೋಡುವುದು ಲೇಸು. ಡಾ. ಲೀ ಅವರ ಮೊದಲ ಪ್ರಯೋಗದಲ್ಲಿದ್ದವರು ಕೇವಲ 12 ಮಂದಿ ಗಂಡಸರು. ಆ ಫಲಕ್ಕೆ ಕಾರಣವೆಂದು ಅವರು ಮುಖ್ಯವಾಗಿ ಊಹಿಸಿದ್ದು ಮರಗಳು ಗಾಳಿಗೆ ಬಿಡುವ ಸುಗಂಧ ತೈಲಾಂಶಗಳನ್ನು. ಅವರು ಪರೀಕ್ಷಿಸಿದ್ದು ಜಪಾನಿನ ಹಿನೋಕಿ ಎಂಬ ಸೂಚಿಪರ್ಣಿ ಮರದ ತೈಲವನ್ನು. ಯೇಊರಿನದು ಎಲೆಯುದುರುವ ತೇಗ ಮತ್ತಿಗಳ ಕಾಡು. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತಂದು ಕೂಡಿಸಲಾಗದು. ಕಾಡಿನ ನಡಿಗೆಯಿಂದ ಕ್ಯಾನ್ಸರ್ ಗುಣವಾಗುತ್ತದೆ, ಮಾತ್ರೆಗಳನ್ನು ಬಿಡಬಹುದು ಎಂದು ಹೇಳುವವರ ಮಾತನ್ನು ನಂಬಲೇಬಾರದು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯಿಂದ ತಿಳಿದುಬಂದ ಸಂಗತಿ ಮಾತ್ರ ಹೆಚ್ಚು ಉಪಯುಕ್ತ. ವಾರದಲ್ಲಿ 120 ನಿಮಿಷಗಳಿಗೆ ಕಡಿಮೆಯಿಲ್ಲದಂತೆ ನಿಸರ್ಗದಲ್ಲಿ ಕಳೆದವರು ತಮ್ಮ ಆರೋಗ್ಯವೂ ಮನಸ್ಸಿನ ನೆಮ್ಮದಿಯೂ ಚೆನ್ನಾಗಿವೆ ಎಂದು ಹೇಳುವ ಸಂಭವ ಹೆಚ್ಚು. ಆ ಸಮಯವನ್ನು ಒಂದೇ ಸಲಕ್ಕೆ ಕಳೆದರೂ ಹಲವು ಸಲ ಹಂಚಿಕೊಂಡರೂ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಿದ್ದವರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆಯೋ ಏನೋ ಎಂಬ ಸಂಶಯಕ್ಕೆ ಅಲ್ಲಿಯೂ ಎಡೆಯುಂಟು. ಆದರೂ ಆರು ದಿನ ರೈಲಿಗೆ ಮುಡಿಪಾಗಿರುವವರಿಗೆ ಭಾನುವಾರದ ಒಂದು ಬೆಳಗು ಸಾಲುತ್ತದೆ ಎಂಬುದು ಸಮಾಧಾನದ ಸುದ್ದಿ.

ನಡೆಯುವ ಬಗೆ

ಭಾನುವಾರ ಯೇಊರಿಗೆ ಬರುವ ಗುಂಪುಗಳಲ್ಲಿ ಬಹಳಷ್ಟು ಜನ ಕಾಡನ್ನು ನೋಡದೆಯೇ ಹಿಂತಿರುಗುತ್ತಾರೆ. ಕೆಲವರು ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತ ಓಡುತ್ತಾರೆ. ಕೆಲವರು ಅಂತ್ಯಾಕ್ಷರಿ ಆಡುತ್ತ, ಫ್ಲ್ಯಾಟಿನ ದರವನ್ನೂ ಮಕ್ಕಳ ಅಂಕಗಳನ್ನೂ ಚರ್ಚಿಸುತ್ತ ಹೋಗಿ ಬಂದುಬಿಡುತ್ತಾರೆ. ಹಕ್ಕಿಗಳು ಅವರಿಗಿಂತ ಮೊದಲೇ ಜಾಗ ಖಾಲಿ ಮಾಡಿರುತ್ತವೆ.

ಚಂಕ್ರಮಣಕ್ಕೆ ಹೊರಟವರು ಮೊದಲು ಮಾಡಬೇಕಾದದ್ದು ನಿಲ್ಲುವುದು. ದಾರಿಯನ್ನು ಸೇರಿದ ಕೂಡಲೆ ಹತ್ತು ನಿಮಿಷ ಒಂದೆಡೆ ಸುಮ್ಮನೆ ನಿಲ್ಲಬೇಕು, ಇಲ್ಲವೆ ಬಂಡೆಯ ಮೇಲೆ ಕುಳಿತುಕೊಳ್ಳಬೇಕು. ಮನುಷ್ಯ ಬಂದನೆಂದು ಕಾಡು ಮೊದಲು ಬಾಯಿ ಮುಚ್ಚುತ್ತದೆ. ಅವನಿಂದ ಅಪಾಯವಿಲ್ಲವೆಂದು ಖಚಿತವಾದ ಮೇಲೆ ಮತ್ತೆ ಮಾತು ಆರಂಭಿಸುತ್ತದೆ. ಎಲ್ಲಿಂದಲೋ ‘ಕುಟ್ರೂ ಕುಟ್ರೂ’ ಎಂದು ಕುಟ್ರುಹಕ್ಕಿ ಕೂಗುತ್ತದೆ, ಅದಕ್ಕೆ ಇನ್ನೊಂದು ಗುಡ್ಡದಿಂದ ಉತ್ತರ ಬರುತ್ತದೆ. ಉದ್ದ ಬಾಲದ ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಅಣಕಿಸುತ್ತದೆ. ಮಳೆಗಾಲದಲ್ಲಿ ತೊರೆಯ ಬದಿಯಿಂದ ಯಾರೋ ಪೋರ ಶಾಲೆ ತಪ್ಪಿಸಿ ಸಿಳ್ಳು ಹಾಕಿದಂತೆ ಕೇಳಿಸಿದರೆ ಅದು ಮಲಬಾರ್ ಸಿಳ್ಳಾರ. ಇಂಗ್ಲಿಷರು ಅದಕ್ಕೆ ಸೋಮಾರಿ ಶಾಲಾ ಹುಡುಗನೆಂದೇ ಅಡ್ಡಹೆಸರಿಟ್ಟಿದ್ದರು. ಈ ಉದ್ಯಾನದಲ್ಲಿ 250ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ದೂರದ ಸದ್ದು, ಹತ್ತಿರದ ಸದ್ದು, ಕೊನೆಗೆ ತನ್ನದೇ ಉಸಿರಿನ ಸದ್ದು, ಈ ಮೂರನ್ನು ಒಂದೊಂದಾಗಿ ಕೇಳಿಸಿಕೊಂಡರೆ ಕಿವಿ ತೆರೆಯಿತೆಂದು ತಿಳಿಯಬಹುದು.

ಬಳಿಕ ನಡಿಗೆ. ಒಂದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೂ ಅದು ಸೋಮಾರಿತನವಲ್ಲ. ಹಿಮ್ಮಡಿ ನೆಲ ಮುಟ್ಟುವುದು, ಅಂಗಾಲು ಇಳಿಯುವುದು, ಒಣಗಿದ ತೇಗದೆಲೆ ಹಪ್ಪಳದಂತೆ ಮುರಿಯುವುದು, ಇವುಗಳ ಮೇಲೆ ಗಮನವಿರಲಿ. ಹತ್ತು ಹೆಜ್ಜೆಯಾಗುವಷ್ಟರಲ್ಲಿ ಮನಸ್ಸು ಕಚೇರಿಗೆ ಓಡಿಹೋಗಿರುತ್ತದೆ. ಸಾಲದ ಕಂತು ನೆನಪಾಗುತ್ತದೆ. ಮಾವನವರು ಅಂದ ಒಂದು ಮಾತು ನಾಲ್ಕು ವರ್ಷಗಳ ಬಳಿಕ ಥಟ್ಟನೆ ಚುಚ್ಚುತ್ತದೆ. ಅದಕ್ಕೆ ತನ್ನ ಮೇಲೆ ತಾನೇ ಸಿಟ್ಟಾಗಬೇಕಾಗಿಲ್ಲ. ಮೇಯಲು ಬಿಟ್ಟ ಕರು ಬೇಲಿ ದಾಟಿದರೆ ಹೊಡೆಯದೆ ಬಳಿಗೆ ಕರೆದುಕೊಳ್ಳುವಂತೆ ಗಮನವನ್ನು ಮತ್ತೆ ಪಾದಕ್ಕೆ ತಂದರೆ ಆಯಿತು. ನೂರು ಬಾರಿ ಹೋದರೆ ನೂರು ಬಾರಿ ತರುವುದು. ಅಭ್ಯಾಸವೆಂದರೆ ಇದಿಷ್ಟೇ.

ಕಣ್ಣಿಗೆ ಕೆಲಸ ಕೊಡಲು ಒಂದು ಮರ ಸಾಕು. ಮತ್ತಿಯ ಬಿರುಕುಗಳ ನಡುವೆ ಇರುವೆಗಳ ಹೆದ್ದಾರಿ ಇರುತ್ತದೆ. ಎಳೆಯ ಎಲೆಗಳನ್ನು ರೇಷ್ಮೆಯಂಥ ನೂಲಿನಿಂದ ಹೊಲಿದು ಚಗಳಿ ಇರುವೆಗಳು ಗೂಡು ಕಟ್ಟಿರುತ್ತವೆ. ಅವುಗಳ ಚಟ್ನಿಯ ರುಚಿ ನೆನಪಿರುವ ಮಲೆನಾಡಿಗರು ನಕ್ಕು ಮುಂದೆ ಹೋಗುವುದು ಒಳ್ಳೆಯದು. ಮಳೆ ಮುಗಿದ ತಿಂಗಳುಗಳಲ್ಲಿ ದಾರಿಯ ಅಡ್ಡಕ್ಕೆ ಅಂಗೈಯಗಲದ ಕಾಡುಜೇಡ ಬಲೆ ಕಟ್ಟಿರುತ್ತದೆ. ಅದನ್ನು ಹರಿಯದೆ ಬಗ್ಗಿ ಹೋದವರಿಗೆ ಬೆಳಗಿನ ಬಿಸಿಲಿನಲ್ಲಿ ಅದರ ಎಳೆ ಹೊಂಬಣ್ಣಕ್ಕೆ ತಿರುಗುವುದು ಕಾಣಸಿಗುತ್ತದೆ.

ಮೂಗನ್ನು ಮರೆಯಬಾರದು. ಜೂನಿನ ಮೊದಲ ಮಳೆಗೆ ಏಳುವ ಮಣ್ಣಿನ ಕಂಪಿಗೆ ಮನಸೋಲದವರಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಾಣುಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತು ಆ ಕಂಪಿನ ಮುಖ್ಯ ಅಂಶ. ಮನುಷ್ಯನ ಮೂಗು ಅದನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲದು. ಕಲ್ಯಾಣದ ಕಾಂಕ್ರೀಟ್ ಅಂಗಳದಲ್ಲಿ ನಿಂತವರಿಗೆ ಆ ಕಂಪು ಕ್ಷಣಕಾಲ ತೇಲಿ ಹೋಗುತ್ತದೆ, ಬೆಟ್ಟದಲ್ಲಿ ಅದು ಗಂಟೆಗಟ್ಟಲೆ ನಿಲ್ಲುತ್ತದೆ. ಬಿದ್ದಿರುವ ಒಂದು ಎಲೆಯನ್ನು ತಿಕ್ಕಿ ಮೂಸಬಹುದು, ಗಿಡದಿಂದ ಕೀಳುವುದು ಬೇಡ. ರುಚಿಯ ವಿಷಯದಲ್ಲಿ ಮಾತ್ರ ಮನೆಯಿಂದ ತಂದ ಅವಲಕ್ಕಿಯೇ ಕ್ಷೇಮ. ಗುರುತಿಲ್ಲದ ಹಣ್ಣನ್ನು ಬಾಯಿಗೆ ಹಾಕುವ ಸಾಹಸ ಬೇಡ.

ನಾಲ್ಕೈದು ಜನರಿಗಿಂತ ದೊಡ್ಡ ಗುಂಪಾಗಬಾರದು. ಮೊದಲ ಅರ್ಧ ಗಂಟೆ ಯಾರೂ ಮಾತನಾಡಬಾರದೆಂಬ ಒಪ್ಪಂದವಿದ್ದರೆ ಉತ್ತಮ. ಗಂಡಹೆಂಡಿರು ಅರ್ಧ ಗಂಟೆ ಜೊತೆಯಾಗಿ ಮೌನದಿಂದಿರುವುದು, ಅದೂ ಜಗಳವಾಡಿರದೆ, ಅನೇಕ ಮನೆಗಳಲ್ಲಿ ಹೊಸ ಅನುಭವವೇ ಆದೀತು.

ಬಾಗಿಲು ಮುಚ್ಚಿದ ಫ್ಲ್ಯಾಟಿನ ಹಿರಿಯರು

ಊರಿನ ಮನೆಗೆ ಬೀಗ ಹಾಕಿ ಮಗನ ಮನೆಗೆ ಬಂದ ತಂದೆತಾಯಂದಿರು ಈಗ ಪ್ರತಿ ಕಟ್ಟಡದಲ್ಲಿಯೂ ಇದ್ದಾರೆ. ಮಗ ಸೊಸೆ ಇಬ್ಬರೂ ದುಡಿಯುವವರು. ಮೊಮ್ಮಕ್ಕಳಿಗೆ ಶಾಲೆ, ಕ್ಲಾಸು. ಏಳನೆಯ ಮಹಡಿಯ ಕಬ್ಬಿಣದ ಬಾಗಿಲಿನ ಹಿಂದೆ ಹಗಲೆಲ್ಲ ಕಳೆಯುವ ಹಿರಿಯರಿಗೆ ಅಕ್ಕಪಕ್ಕದವರ ಭಾಷೆ ಬಾರದು, ರಸ್ತೆ ದಾಟುವ ಧೈರ್ಯ ಸಾಲದು. ನಲವತ್ತು ವರ್ಷ ತೋಟ ಮಾಡಿದವರು ಇಲ್ಲಿ ಲಿಫ್ಟಿನ ಗುಂಡಿ ಯಾವುದೆಂದು ಆರು ವರ್ಷದ ಮೊಮ್ಮಗನನ್ನು ಕೇಳಬೇಕಾಗುತ್ತದೆ. ನಿದ್ದೆ ಬಾರದು, ಹಸಿವಿಲ್ಲ, ಮೊಣಕಾಲು ನೋವು ಎಂದು ವೈದ್ಯರಲ್ಲಿಗೆ ಹೋದರೆ ಪರೀಕ್ಷೆಗಳಲ್ಲಿ ವಿಶೇಷವೇನೂ ಕಾಣದಿರುವುದುಂಟು.

ಇಂಥವರನ್ನು ಒಂದು ಬೆಳಗ್ಗೆ ಯೇಊರಿಗೆ ಕರೆದೊಯ್ಯಬೇಕು. ಏರುದಾರಿ ಬೇಕಾಗಿಲ್ಲ, ವಾಹನದಲ್ಲಿಯೇ ಮೇಲಕ್ಕೆ ಹೋಗಿ ಸಮತಟ್ಟಾದ ದಾರಿಯಲ್ಲಿ ಇನ್ನೂರು ಹೆಜ್ಜೆ ನಡೆಸಿದರೂ ಸಾಕು. ಅಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಯಾವ ಮರ, ಯಾವ ಬಳ್ಳಿ, ಯಾವ ಎಲೆಯನ್ನು ಗಾಯಕ್ಕೆ ಕಟ್ಟುತ್ತಿದ್ದರು, ಯಾವ ಸೌದೆ ಹೊಗೆಯಾಡುತ್ತದೆ ಎಂಬುದೆಲ್ಲ ತಿಳಿದಿರುವವರು ಈಗ ಅವರು. ಎಳೆಯ ತೇಗದೆಲೆಯನ್ನು ಅಂಗೈಯಲ್ಲಿ ತಿಕ್ಕಿ ಕೆಂಪುಬಣ್ಣ ತೋರಿಸುವ ಅಜ್ಜನನ್ನು ಮೊಮ್ಮಗ ಮೊದಲ ಬಾರಿಗೆ ಬೆರಗಿನಿಂದ ನೋಡುತ್ತಾನೆ. ತೇಗ, ಮತ್ತಿ, ಬೂರುಗ, ಮುತ್ತುಗ ಎಂಬ ಕನ್ನಡದ ಹೆಸರುಗಳು ಠಾಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಪಾಠಪುಸ್ತಕವಿಲ್ಲದೆ ಬೀಳುವ ಜಾಗ ಇದೊಂದೇ. ಇಲ್ಲಿನ ಪಾಡಾದ ಮುದುಕಿಯೊಬ್ಬಳು ತಲೆಯ ಮೇಲೆ ಸೌದೆ ಹೊತ್ತು ಎದುರಾದರೆ, ಭಾಷೆ ಬಾರದಿದ್ದರೂ ಊರಿನ ಅಜ್ಜಿ ಮರವೊಂದನ್ನು ತೋರಿಸಿ ಏನೋ ಕೇಳುತ್ತಾಳೆ, ಆಕೆಯೂ ಏನೋ ಹೇಳುತ್ತಾಳೆ, ಇಬ್ಬರಿಗೂ ಅರ್ಥವಾಗಿರುತ್ತದೆ. ಹಿರಿಯರ ಒಂಟಿತನಕ್ಕೆ ಔಷಧಿಯ ಅಂಗಡಿಯಲ್ಲಿ ಇದಕ್ಕಿಂತ ಮೇಲಾದುದು ಇದ್ದಂತಿಲ್ಲ.

ವಾರ್ಲಿಗಳ ವಾಘೋಬಾನ ಕಲ್ಲುಗಳು ಈ ಕಾಡಿನ ಸುತ್ತಮುತ್ತ ಅಲ್ಲಲ್ಲಿ ಕಾಣಸಿಗುತ್ತವೆ. ಹುಲಿಚಿರತೆಗಳ ರೂಪದ ದೇವರು ಅವನು. ಪಿಲಿಚಾಮುಂಡಿಗೆ ಕೈಮುಗಿದು ಬೆಳೆದ ತುಳುನಾಡಿನವರಿಗೆ ಅವನ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಇನ್ನೊಂದು ನಂಟು ಇದಕ್ಕಿಂತ ಹಳೆಯದು. ಇದೇ ಅರಣ್ಯದ ಬೋರಿವಲಿಯ ಬದಿಯಲ್ಲಿ ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಕಪ್ಪು ಶಿಲೆಯನ್ನು ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳು, ಹೊರಜಗಲಿಯಲ್ಲಿ ಕಲ್ಲಿನ ಪೀಠಗಳು, ಮಳೆನೀರು ಹಿಡಿಯುವ ತೊಟ್ಟಿಗಳು. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರು ಕೊರೆದಿದೆ. ಕವಿರಾಜಮಾರ್ಗವು ಹುಟ್ಟಿದ್ದು ಆ ನೃಪತುಂಗನ ಆಸ್ಥಾನದಲ್ಲಿಯೇ. ಉತ್ತರ ಕೊಂಕಣವನ್ನು ಆಗ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಭಿಕ್ಷುಗಳು ಧ್ಯಾನಕ್ಕೆ ಆರಿಸಿಕೊಂಡ ಕಾಡಿಗೆ ಕನ್ನಡದ ದೊರೆಯ ಹೆಸರು ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ಬಂದು ಸೇರಿದೆ ಎಂಬುದನ್ನು ನೆನೆದರೆ, ಹೊರಗಿನಿಂದ ಬಂದವರೆಂಬ ಅಳುಕು ಇಲ್ಲಿ ಸ್ವಲ್ಪ ಕಡಿಮೆಯಾದೀತು.

ಎಚ್ಚರಿಕೆಯ ಮಾತುಗಳು

ಇದು ನಿಜವಾದ ಕಾಡು, ತೋಟವಲ್ಲ. 2018ರ ಕ್ಯಾಮೆರಾ ಗಣತಿಯಲ್ಲಿ ಈ ಅರಣ್ಯ ಮತ್ತು ಅದರ ಆಸುಪಾಸಿನಲ್ಲಿ 47 ಚಿರತೆಗಳು ದಾಖಲಾಗಿದ್ದವು. ಅವು ಮನುಷ್ಯನಿಂದ ದೂರವಿರಲು ಬಯಸುವ ಪ್ರಾಣಿಗಳು. ಆದರೂ ನಸುಕಿಗೆ ಮುನ್ನ ಮತ್ತು ಸಂಜೆಗತ್ತಲಲ್ಲಿ ಇಲ್ಲಿ ತಿರುಗಾಡಬಾರದು, ಒಬ್ಬೊಬ್ಬರೇ ಹೋಗಬಾರದು, ಮಕ್ಕಳನ್ನು ನಡುವೆ ಇಟ್ಟುಕೊಳ್ಳಬೇಕು. ಅರಣ್ಯ ಇಲಾಖೆಯ ದ್ವಾರದಲ್ಲಿ ವಿಚಾರಿಸಿ, ಅನುಮತಿಯಿರುವ ದಾರಿಯಲ್ಲಿ ಮಾತ್ರ ನಡೆಯಬೇಕು. ಕಾಡನ್ನು ಅಡ್ಡ ಹಾಯ್ದು ಬೋರಿವಲಿಯ ಕಡೆ ಇಳಿಯುವ ಸಾಹಸ ಸಲ್ಲದು. ಮಳೆಗಾಲದಲ್ಲಿ ತೊರೆಗಳು ಕ್ಷಣದಲ್ಲಿ ಉಕ್ಕುತ್ತವೆ. ಜಲಪಾತಗಳ ಬಳಿ ಹೋಗದಂತೆ ಆಡಳಿತ ಹೊರಡಿಸುವ ಆಜ್ಞೆಗಳು ಸುಮ್ಮನೆ ಹೊರಟವಲ್ಲ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಬರಬಾರದು, ಜೇಬಿನಲ್ಲಿ ಕಲ್ಲುಸಕ್ಕರೆಯಿರಲಿ. ಹೃದ್ರೋಗವಿರುವವರು ಏರುದಾರಿಗೆ ಮುಂಚೆ ವೈದ್ಯರನ್ನು ಕೇಳಬೇಕು. ಮೊಣಕಾಲಿಗೆ ತ್ರಾಸ ಕೊಡುವುದು ಏರುವುದಕ್ಕಿಂತ ಇಳಿಯುವುದು; ಕೈಯಲ್ಲೊಂದು ಕೋಲು ಹಿಡಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಚಳಿಗಾಲದಲ್ಲಿ ದಾರಿಬದಿಯಲ್ಲಿ ಕಂದು ರೋಮದ ಕಾಯಿಗಳು ತೂಗುತ್ತಿದ್ದರೆ ಅದು ನಸುಗುನ್ನಿ, ಮರಾಠಿಯಲ್ಲಿ ಖಾಜಕುಯರಿ. ಅದರ ಬಳಿ ಸುಳಿದರೂ ತುರಿಕೆ ತಪ್ಪಿದ್ದಲ್ಲ. ಪೂರ್ಣ ತೋಳಿನ ಅಂಗಿ, ಮುಚ್ಚಿದ ಪಾದರಕ್ಷೆ, ಕುಡಿಯುವ ನೀರು ಇಷ್ಟಿದ್ದರೆ ಸಾಕು. ಕೋತಿಗಳಿಗೆ ಬಿಸ್ಕತ್ತು ಹಾಕುವುದು ಪುಣ್ಯವಲ್ಲ, ಅವುಗಳನ್ನು ಭಿಕ್ಷುಕರನ್ನಾಗಿ ಮಾಡುವ ಕೆಲಸ.

ಎಲ್ಲರಿಗೂ ಯೇಊರು ಹತ್ತಿರವಲ್ಲ. ಪನ್ವೇಲ್ ಕಡೆಯವರಿಗೆ 1968ರಲ್ಲಿ ಘೋಷಿತವಾದ ಕರ್ನಾಳಾ ಪಕ್ಷಿಧಾಮವಿದೆ. ಐರೋಲಿ, ವಾಶಿಯವರು ಬೆಟ್ಟ ಹತ್ತಲಾರದಿದ್ದರೆ ಠಾಣೆ ಖಾಡಿಯ ರಾಜಹಂಸಗಳನ್ನು ನೋಡಬಹುದು. 2015ರಲ್ಲಿ ಅಭಯಾರಣ್ಯವಾದ ಆ ಖಾಡಿ 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಡೊಂಬಿವಲಿ, ಕಲ್ಯಾಣದವರಿಗೆ ಕರ್ಜತ್ ಲೋಕಲ್ ಹಿಡಿದು ನೇರಳದಲ್ಲಿ ಇಳಿದರೆ ಮಾಥೇರಾನ್. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನೇರಿ ಅದನ್ನು ಹೊರಜಗತ್ತಿಗೆ ಪರಿಚಯಿಸಿದ. ಮೋಟಾರು ವಾಹನಗಳಿಗೆ ಒಳಗೆ ಪ್ರವೇಶವಿಲ್ಲದ್ದರಿಂದ ಅಲ್ಲಿ ಹಾರನ್ನಿನ ಕಾಟವಿಲ್ಲ. ಅಲ್ಲಿನ ಕೆಂಪು ನೆಲವನ್ನು ಕಂಡ ದಕ್ಷಿಣ ಕನ್ನಡದವರು ಇದು ಮುರಕಲ್ಲಿನ ಗುಡ್ಡವೆಂದು ದೂರದಿಂದಲೇ ಗುರುತಿಸುತ್ತಾರೆ.

ಯೇಊರಿನ ಸದ್ದುಗದ್ದಲ ಮುಂದೆ ಹೆಚ್ಚುವುದೋ ತಗ್ಗುವುದೋ ಹೇಳುವುದು ಕಷ್ಟ. ಠಾಣೆಯಿಂದ ಬೋರಿವಲಿಗೆ ಇದೇ ಉದ್ಯಾನದ ಅಡಿಯಲ್ಲಿ ಹಾಯುವ 11.8 ಕಿಲೋಮೀಟರ್ ಉದ್ದದ ಜೋಡಿ ಸುರಂಗಮಾರ್ಗಕ್ಕೆ 2024ರ ಜುಲೈಯಲ್ಲಿ ಭೂಮಿಪೂಜೆಯಾಯಿತು. ಅದೇ ವರ್ಷದ ಮಳೆಗಾಲದ ಕೊನೆಗೆ ಬೆಟ್ಟದ ಮೇಲೆ ಕಾರ್ವಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯ ಬಂಧು ಇದು. ಎಂಟು ವರ್ಷಕ್ಕೊಮ್ಮೆ ಇಡೀ ಇಳಿಜಾರನ್ನು ನೇರಿಳೆಯಾಗಿಸಿ, ಬೀಜ ಕಟ್ಟಿ, ಸತ್ತುಹೋಗುತ್ತದೆ. ಇಲ್ಲಿ ಅದು 2008ರಲ್ಲಿ ಅರಳಿತ್ತು, 2016ರಲ್ಲಿ ಅರಳಿತ್ತು. ಆದಿವಾಸಿಗಳ ಗುಡಿಸಲಿನ ಗೋಡೆಗಳು ಅದರ ಒಣಗಿದ ಕಾಂಡಗಳಿಂದಲೇ ಆದವು. ಈಗ ಮರಗಳ ಬುಡದಲ್ಲಿ ಅದರ ಹೊಸ ಸಸಿಗಳು ಮೇಲೇಳುತ್ತಿವೆ. ಒರಟಾದ ಎಲೆಯನ್ನು ಬೆರಳಿನಿಂದ ಸವರಿದರೆ ಗುರುತು ಸಿಗುತ್ತದೆ. ಅವು ಹೂ ಬಿಡುವುದು 2032ರಲ್ಲಿ.